ಕಲ್ಲು ಎಲ್ಲಿ ನಿಲ್ಲಬೇಕು?

ಸತ್ತವರ ಜ್ಞಾಪಕಾರ್ಥವಾಗಿ ಕಲ್ಲು ನಿಲ್ಲಿಸುವದು ನಮ್ಮ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಊರ ಹೊರಗೆ, ಕೆರೆಯ ಏರಿಯ ಮಗ್ಗುಲಲ್ಲಿ, ಅರ್ಧ ಮಣ್ಣಿನಲ್ಲಿ ಹೂತುಹೋದ ವೀರಗಲ್ಲುಗಳನ್ನು ನೀವು ಕಂಡಿದ್ದೀರಿ. ತುರುಗಳನ್ನು ಬಿಡಿಸುವದಕ್ಕೆ ಹೋಗಿ ಸತ್ತವನು, ಊರ ಗಡಿಗಾಗಿ ಕಾದಿ ಬಿದ್ದವನು, ಇಂಥವರಿಗೆ ಕಲ್ಲು ನಿಲ್ಲಿಸಿದವರು ಬೇರೆಯವರೇ. ಸತ್ತವನು ತನ್ನ ಕಲ್ಲಿನ ಸ್ಥಳವನ್ನು ತಾನು ಆರಿಸಿಕೊಂಡವನಲ್ಲ. ಆದರೆ ಯುದ್ಧದಲ್ಲಿ ಸಾಯದೆ ಉಳಿದವರು ಇಪ್ಪತ್ತೈದು ವರುಷಗಳ ಮೇಲೆ ಅದೇ ಹೊಲಕ್ಕೆ ತಿರಿಗಿ ಬಂದು, "ನಮ್ಮ ಕಲ್ಲು ಇಲ್ಲಿ ನಿಲ್ಲಬೇಕು, ಅಲ್ಲಿ ಕೂಡದು" ಎಂದು ಹೇಳಿ, ತಮ್ಮ ಸಂಸ್ಥಾನದ ಮೇಲಣ ನ್ಯಾಯಸ್ಥಾನದ ವರೆಗೆ ವ್ಯಾಜ್ಯವನ್ನು ನಡಿಸಿದ ಒಂದು ಸಂಗತಿ ಉಂಟು. ಅವರು ವಾದಿಸಿದ ಅಂತರವು ಬಹಳ ದೊಡ್ಡದಲ್ಲ. ಆ ಸ್ವಲ್ಪ ಅಂತರದಲ್ಲಿ ಅಡಗಿದ್ದ ಪ್ರಶ್ನೆಯಾದರೋ ದೊಡ್ಡದು. ಅದನ್ನು ನಾವು ಈ ಪುಟಗಳಲ್ಲಿ ವಿಚಾರಿಸೋಣ.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೧ನೇ ಇಸವಿಯಿಂದ ೧೮೬೫ರ ವರೆಗೆ ಉತ್ತರದವರಿಗೂ ದಕ್ಷಿಣದವರಿಗೂ ಘೋರವಾದ ಯುದ್ಧವು ನಡೆಯಿತು. ದಕ್ಷಿಣದ ಸಂಸ್ಥಾನಗಳು ಐಕ್ಯವನ್ನು ಬಿಟ್ಟು ಬೇರೆಯಾದದ್ದೇ ಕಾರಣ. ಅವು ಬೇರೆಯಾದದ್ದಕ್ಕೆ ಮೂಲವೋ ದಾಸತ್ವ. ಆ ಕಾಲದಲ್ಲಿ ಅಲ್ಲಿ ಸುಮಾರು ೪೦ ಲಕ್ಷ ಜನರು, ಆಫ್ರಿಕದಿಂದ ತಂದವರ ಸಂತಾನದವರು, ದನಗಳ ಹಾಗೆ ಕ್ರಯವಿಕ್ರಯಕ್ಕೆ ಒಳಗಾಗಿದ್ದರು. ಒಬ್ಬನ ಬೆವರಿನ ಫಲವನ್ನು ಮತ್ತೊಬ್ಬನು ಹುಟ್ಟಿನ ಹಕ್ಕಿನಿಂದ ಉಣ್ಣುವದು ಎಂಥಾದ್ದೆಂದು ನಮ್ಮ ವಾಚಕರಲ್ಲಿ ಅನೇಕರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ. ೧೮೬೩ನೇ ಇಸವಿ ಜುಲಾಯಿ ೧, ೨, ೩ನೇ ತಾರೀಕುಗಳಲ್ಲಿ ಪೆನ್ಸಿಲ್ವೇನಿಯ ಸಂಸ್ಥಾನದ ಗೆಟ್ಟಿಸ್‌ಬರ್ಗ್ ಎಂಬ ಚಿಕ್ಕ ಪೇಟೆಯ ಸುತ್ತಲಿನ ಹೊಲಗಳಲ್ಲಿ ಎರಡು ಸೈನ್ಯಗಳು ಎದುರಾದವು. ಸತ್ತವರು, ಗಾಯಪಟ್ಟವರು, ಸೆರೆಸಿಕ್ಕಿದವರು, ಕಾಣದೆ ಹೋದವರು, ಎಲ್ಲರೂ ಸೇರಿ ಎರಡು ಕಡೆಯಲ್ಲಿಯೂ ಸುಮಾರು ೫೦,೦೦೦ ಮಂದಿ. ಈಗ ಆ ಹೊಲಗಳಲ್ಲಿ ೧,೩೦೦ಕ್ಕಿಂತ ಹೆಚ್ಚು ಜ್ಞಾಪಕಶಿಲೆಗಳು ನಿಂತಿವೆ. ಅವುಗಳಲ್ಲಿ ಒಂದರ ಕಥೆ ಇದು.

ಆ ಕಲ್ಲಿನ ಮೇಲೆ ಕಂಚಿನ ಸಿಪಾಯಿಯೊಬ್ಬನು ನಿಂತಿದ್ದಾನೆ. ಗಿಡ್ಡ ಅಂಗಿಯನ್ನು ತೊಟ್ಟು, ಕೋವಿಯನ್ನು ನಳಿಗೆಯ ಕಡೆಯಿಂದ ಹಿಡಿದು, ಅದರ ಬುಡವನ್ನು ದೊಣ್ಣೆಯ ಹಾಗೆ ಬೀಸುತ್ತಿದ್ದಾನೆ. ಮದ್ದು ತುಂಬುವದಕ್ಕೆ ಸಮಯವಿಲ್ಲದಷ್ಟು ಹತ್ತಿರಕ್ಕೆ ವೈರಿಯು ಬಂದಿದ್ದಾನೆಂದು ಅರ್ಥ. ಇವನು ಪೆನ್ಸಿಲ್ವೇನಿಯದ ೭೨ನೇ ಕಾಲಾಳು ರೆಜಿಮೆಂಟಿನವನು. ಈ ರೆಜಿಮೆಂಟು ೧೮೬೧ರಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ ಕೂಡಿತು. ಸೇರಿದವರಲ್ಲಿ ಬಹಳ ಮಂದಿ ಆ ಪಟ್ಟಣದ ಬೆಂಕಿ ಆರಿಸುವ ತಂಡಗಳವರು. ಆ ಕಾಲದಲ್ಲಿ ಅಲ್ಲಿ ಬೆಂಕಿ ಆರಿಸುವವರಿಗೆ ಸರಕಾರದ ಸಂಬಳವಿರಲಿಲ್ಲ. ಗಂಟೆ ಬಾರಿಸಿದ ಕೂಡಲೆ ತಮ್ಮ ತಮ್ಮ ಕೆಲಸಗಳನ್ನು ಬಿಟ್ಟು ಓಡಿ ಬರುವರು. ಯುದ್ಧಕ್ಕೂ ಅವರು ಹಾಗೆಯೇ, ಯಾರ ಬಲವಂತವೂ ಇಲ್ಲದೆ, ತಾವಾಗಿ ಹೆಸರು ಕೊಟ್ಟು ಬಂದರು. ಕರ್ನಲ್ ಬ್ಯಾಕ್ಸ್ಟರನು ಅವರನ್ನು ಕೂಡಿಸಿದ್ದರಿಂದ ಬ್ಯಾಕ್ಸ್ಟರನ ಬೆಂಕಿಯವರೆಂದು ಅವರಿಗೆ ಹೆಸರಾಯಿತು.

ಗೆಟ್ಟಿಸ್‌ಬರ್ಗಿನಲ್ಲಿ ಅವರಿಗೆ ಸಿಕ್ಕಿದ ಸ್ಥಳವು ಒಂದು ತಗ್ಗಾದ ಗುಡ್ಡದ ಸಾಲು. ಅದರ ಮುಂದೆ ಹೊಲದ ಗಡಿಗೆಂದು ಒಕ್ಕಲಿಗರು ಕಟ್ಟಿದ ಗಿಡ್ಡ ಕಲ್ಲುಗೋಡೆ. ಆ ಗೋಡೆ ಒಂದು ಕಡೆಯಲ್ಲಿ ಮುರಿದು ತಿರುಗಿ ಮೂಲೆಯಾಗುತ್ತದೆ. ಹತ್ತಿರದಲ್ಲಿ ಚಿಕ್ಕ ಮರಗಳ ಗುಂಪು. ಎರಡನೇ ದಿನದ ಜಗಳದಲ್ಲಿಯೇ ಬ್ಯಾಕ್ಸ್ಟರನು ಗಾಯಪಟ್ಟನು. ಮೂರನೇ ದಿನ ಮಧ್ಯಾಹ್ನ ದಕ್ಷಿಣದವರ ತೋಪುಗಳು ಹೆಚ್ಚು ಕಡಿಮೆ ಎರಡು ತಾಸು ಗುಂಡಿನ ಮಳೆಯನ್ನು ಸುರಿಸಿದವು. ಆ ಮೇಲೆ ಸುಮಾರು ೧೨,೦೦೦ ಮಂದಿ ಕಾಲಾಳುಗಳು ಹತ್ತಿರ ಹತ್ತಿರ ಒಂದು ಮೈಲು ಬಯಲನ್ನು ದಾಟಿ ಈ ಗೋಡೆಯ ಕಡೆಗೆ ನಡೆದರು. ಪಿಕೆಟನ ದಾಳಿ ಎಂದು ಲೋಕವೆಲ್ಲ ಕರೆಯುವದು ಇದನ್ನೇ. ಆಗ ಗೋಡೆಯ ಬಳಿಯಲ್ಲಿ ೬೯ನೇ ಪೆನ್ಸಿಲ್ವೇನಿಯದವರು ಇದ್ದರು. ಅವರಲ್ಲಿ ಹೆಚ್ಚಿನವರು ಐರ್ಲಂಡಿನಿಂದ ಬಂದ ಬಡವರು. ೭೧ನೇ ರೆಜಿಮೆಂಟಿನ ಒಂದು ಪಾಲೂ ಅಲ್ಲಿತ್ತು. ನಮ್ಮ ೭೨ನೆಯವರನ್ನು ಮೀಸಲಾಗಿ ಹಿಂದೆ ಇಟ್ಟಿದ್ದರು. ಮೂಲೆಯಲ್ಲಿದ್ದ ೭೧ನೆಯವರು ಹಿಂಜರಿದಾಗ ಅಲ್ಲಿ ಕಂಡಿ ಬಿತ್ತು. ದಕ್ಷಿಣದ ಸೇನಾಪತಿ ಆರ್ಮಿಸ್ಟೆಡನು ತನ್ನ ಟೊಪ್ಪಿಯನ್ನು ಕತ್ತಿಯ ತುದಿಗೆ ಸಿಕ್ಕಿಸಿ ಗೋಡೆಯನ್ನು ದಾಟಿ ಒಳಗೆ ಬಂದನು. ನೂರಾರು ಮಂದಿ ಅವನ ಹಿಂದೆ ಬಂದರು.

ಇಲ್ಲಿಯ ವರೆಗೆ ಯಾರಿಗೂ ತಕರಾರಿಲ್ಲ. ಇನ್ನು ಮುಂದಿನ ಕೆಲವು ನಿಮಿಷಗಳೇ ವ್ಯಾಜ್ಯಕ್ಕೆ ಕಾರಣವಾದವು.

ಕಂಡಿಯನ್ನು ಮುಚ್ಚುವದಕ್ಕೆ ೭೨ನೆಯವರನ್ನು ಗುಡ್ಡದ ನೆತ್ತಿಗೆ ತಂದರು. ಅಲ್ಲಿಂದ ಗೋಡೆಗೆ ಅರುವತ್ತು ಎಂಭತ್ತು ಗಜ ಇರಬಹುದು. ಬ್ರಿಗೇಡಿನ ಅಧಿಪತಿ ಜನರಲ್ ವೆಬ್ಬನು ಅವರ ಮುಂದೆ ನಿಂತು, ಸನೀನು ಏರಿಸಿ ಇಳಿದು ನುಗ್ಗಿರಿ ಎಂದು ಅಪ್ಪಣೆ ಕೊಟ್ಟನು. ಅವರು ಕದಲಲಿಲ್ಲ. ಅವನು ನಿಶಾನೆ ಹಿಡಿದವನ ಬಳಿಗೆ ಹೋಗಿ, ನಿಶಾನೆಯನ್ನು ತಾನೇ ಕಿತ್ತುಕೊಂಡು ಮುಂದೆ ಹೋಗಬೇಕೆಂದು ನೋಡಿದನು, ಹಿಡಿದವನು ಬಿಡಲಿಲ್ಲ. ಕಡೆಗೆ ವೆಬ್ಬನು ಅವರನ್ನು ಅಲ್ಲಿಯೇ ಬಿಟ್ಟು, ಹೆಚ್ಚು ಕಡಿಮೆ ಒಬ್ಬನೇ, ಗುಂಡುಗಳ ನಡುವೆ ಇಳಿದು ಹೋಗಿ ೬೯ನೆಯವರನ್ನು ಸೇರಿಕೊಂಡನು. ೭೨ನೆಯವರು ನೆತ್ತಿಯ ಮೇಲೆ ನಿಂತರು. ಓಡಿಹೋಗಲಿಲ್ಲ, ನಿಂತು ಗುಂಡು ಹಾರಿಸಿದರು, ನಿಂತು ಸತ್ತರು. ಕೆಲವು ನಿಮಿಷಗಳ ಮೇಲೆ ಸುತ್ತಲಿನ ರೆಜಿಮೆಂಟುಗಳೆಲ್ಲ ಮುಂದೆ ನುಗ್ಗುವಾಗ ಅವರೂ ಇಳಿದು ಗೋಡೆಯ ವರೆಗೆ ಹೋದರು. ಆರ್ಮಿಸ್ಟೆಡನು ತೋಪುಗಳ ಮಧ್ಯದಲ್ಲಿ ಬಿದ್ದನು. ಎರಡು ದಿವಸಗಳ ಮೇಲೆ ತೀರಿಕೊಂಡನು. ದಾಳಿ ಮುರಿಯಿತು. ಎರಡು ದಿನಗಳ ಕಾದಾಟದಲ್ಲಿ ಈ ರೆಜಿಮೆಂಟಿನ ಸುಮಾರು ೧೯೦ ಮಂದಿ ಸತ್ತರು ಇಲ್ಲವೆ ಗಾಯಪಟ್ಟರು.

ಅವರು ಯಾಕೆ ಕದಲಲಿಲ್ಲ? ವೆಬ್ಬನು ಆ ಬ್ರಿಗೇಡಿನ ಅಧಿಕಾರ ವಹಿಸಿಕೊಂಡು ಐದೇ ದಿನಗಳಾಗಿದ್ದವು. ತಮ್ಮ ಮುಂದೆ ನಿಂತು ಕೂಗುವವನು ಯಾರೆಂದು ಕೆಲವರಿಗೆ ಗೊತ್ತೇ ಇರಲಿಕ್ಕಿಲ್ಲ. ತೋಪುಗಳ ಸದ್ದಿನಲ್ಲಿ ಅಪ್ಪಣೆಯು ಕಿವಿಗೆ ಬಿತ್ತೋ ಇಲ್ಲವೋ. ತಮ್ಮ ಕರ್ನಲನು ಹಿಂದಣ ದಿನವೇ ಬಿದ್ದಿದ್ದನು. ಇವೆಲ್ಲವೂ ನಿಜವೇ. ಇವುಗಳೊಡನೆ ಭಯವೂ ಇದ್ದಿರಬಹುದು. ಅದನ್ನು ಅಲ್ಲಗಳೆಯುವವನು ಗುಂಡಿನ ಮುಂದೆ ನಿಂತವನಾಗಿರಲಾರನು.

ಈಗ ವ್ಯಾಜ್ಯದ ಮಾತು. ೧೮೬೪ರಲ್ಲಿಯೇ ಗೆಟ್ಟಿಸ್‌ಬರ್ಗಿನ ಹೊಲಗಳನ್ನು ಕಾಪಾಡುವದಕ್ಕೆ ಸ್ಮಾರಕ ಸಂಘವೊಂದು ಹುಟ್ಟಿತ್ತು. ವರುಷಗಳು ಹೋದ ಹಾಗೆ ಪ್ರತಿಯೊಂದು ರೆಜಿಮೆಂಟಿನವರೂ ತಮ್ಮ ತಮ್ಮ ಕಲ್ಲುಗಳನ್ನು ನಿಲ್ಲಿಸಲಿಕ್ಕೆ ಬಂದರು. ಬಂದವರೆಲ್ಲರಿಗೂ ಮುಂದಿನ ಸಾಲೇ ಬೇಕು! ಹೀಗೆ ಬಿಟ್ಟರೆ ಹಿಂದೆ ನಿಂತವರು ಯಾರೂ ಇರಲಿಲ್ಲವೆಂದು ಮುಂದಿನ ತಲೆಮಾರಿನವರು ತಿಳಿದಾರೆಂದು ಸಂಘದವರು ಒಂದು ಕಟ್ಟಳೆ ಮಾಡಿದರು. ಅದೇನಂದರೆ, ರೆಜಿಮೆಂಟು ಯುದ್ಧದ ಸಾಲಿನಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಯೇ ಅದರ ಕಲ್ಲು ನಿಲ್ಲಬೇಕು. ಮುಂದಕ್ಕೆ ಹೋಗಿದ್ದರೆ ಆ ಸ್ಥಳಕ್ಕೆ ಚಿಕ್ಕ ಗುರುತನ್ನು ಇಡಬಹುದು. ಕಟ್ಟಳೆ ನ್ಯಾಯವಾದದ್ದೇ. ಆದರೆ ೭೨ನೆಯವರು ಅದಕ್ಕೆ ಒಪ್ಪಲಿಲ್ಲ. ಗೋಡೆಯ ಬಳಿ ನಮ್ಮವರು ಬಿದ್ದಿದ್ದಾರೆ, ಗೋಡೆಯ ಬಳಿಯೇ ನಮ್ಮ ಕಲ್ಲು ಎಂದರು. ಅಪ್ಪಣೆ ಸಿಕ್ಕದಿದ್ದಾಗ ತಾವೇ ಬಂದು ಅಸ್ತಿವಾರವನ್ನು ಅಗೆಯಲಿಕ್ಕೆ ಹತ್ತಿದರು. ಅತಿಕ್ರಮಿಸಿ ಹೊಕ್ಕರೆಂದು ಅವರಲ್ಲಿ ಒಬ್ಬನನ್ನು ಹಿಡಿದರು. ಒಂದು ಕಾಲದಲ್ಲಿ ಆ ನೆಲವನ್ನು ರಕ್ತ ಕೊಟ್ಟು ಕಾದವನು ಅದೇ ನೆಲದ ಮೇಲೆ ಅತಿಕ್ರಮಿಯಾದನು. ಇದಕ್ಕೆ ಸ್ವಲ್ಪ ಮುಂಚೆ, ೧೮೮೭ರ ಜುಲಾಯಿಯಲ್ಲಿ, ಈ ಬ್ರಿಗೇಡಿನ ಮುದುಕರು ಪಿಕೆಟನ ದಾಳಿಯಲ್ಲಿ ತಮ್ಮ ಮೇಲೆ ಬಿದ್ದ ದಕ್ಷಿಣದವರನ್ನು ಅಲ್ಲಿಗೆ ಕರಿಸಿ ಸ್ನೇಹದಿಂದ ಕೈ ಕೊಟ್ಟಿದ್ದರು. ವೈರಿಯ ಸಂಗಡ ಸಮಾಧಾನವಾಗುವದು ಸುಲಭ, ಪಕ್ಕದವನ ಸಂಗಡ ಕಷ್ಟ!

ನ್ಯಾಯಸ್ಥಾನದಲ್ಲಿ ಪ್ರಮಾಣಮಾಡಿ ಸಾಕ್ಷಿ ಹೇಳಲಿಕ್ಕೆ ಎರಡು ಕಡೆಯವರೂ ಬಂದರು. ಜನರಲ್ ವೆಬ್ಬನು ಸ್ವತಃ ಬಂದು, ನಾನು ಅಪ್ಪಣೆ ಕೊಟ್ಟಾಗ ಇವರು ಮುಂದೆ ಹೋಗಲಿಲ್ಲ ಎಂದು ಹೇಳಿದನು. ಗೋಡೆಯನ್ನು ಬಿಡದೆ ಕಾದ ೬೯ನೆಯವರಲ್ಲಿ ಕೆಲವರೂ ಈ ನೆರೆಯವರ ವಾದವನ್ನು ಒಪ್ಪಲಿಲ್ಲ. ೭೨ನೆಯವರು ಒಬ್ಬೊಬ್ಬರಾಗಿ ನಿಂತು, ನಾವು ಹೋದೆವು, ಗೋಡೆಯ ಬಳಿ ಕೈ ಕೈ ಹತ್ತಿ ಕಾದಿದೆವು ಎಂದರು. ಕೆಳಗಿನ ನ್ಯಾಯಸ್ಥಾನವು ಅವರ ಪಕ್ಷವಾಗಿ ತೀರ್ಪು ಕೊಟ್ಟಿತು. ಸಂಘದವರು ಮೇಲಕ್ಕೆ ಹೋದರು. ೧೮೯೧ರಲ್ಲಿ ಪೆನ್ಸಿಲ್ವೇನಿಯದ ಮೇಲಣ ನ್ಯಾಯಸ್ಥಾನವೂ ಅದೇ ತೀರ್ಪನ್ನು ನಿಲ್ಲಿಸಿತು. ಅದೇ ವರುಷ ಜುಲಾಯಿ ೪ನೇ ತಾರೀಕಿನಲ್ಲಿ ಕಂಚಿನ ಸಿಪಾಯಿಯನ್ನು ಗೋಡೆಯ ಸಮೀಪದಲ್ಲಿ ಪ್ರತಿಷ್ಠಿಸಿದರು. ಅದೇ ವರುಷ ಸಪ್ಟಂಬರಿನಲ್ಲಿ ವೆಬ್ಬನಿಗೂ ಆ ದಿನದ ಶೌರ್ಯಕ್ಕಾಗಿ ದೇಶದ ಅತ್ಯುನ್ನತವಾದ ಪದಕವು ದೊರಕಿತು. ಸೇನಾಪತಿಗೂ ಬಹುಮಾನ, ಅವನ ಮಾತನ್ನು ಕೇಳದ ಸಿಪಾಯಿಗಳಿಗೂ ಬಹುಮಾನ.

ನ್ಯಾಯಸ್ಥಾನವು ಕಲ್ಲಿನ ಸ್ಥಳವನ್ನು ತೀರ್ಮಾನಿಸಬಲ್ಲದು. ನಮ್ಮ ಪ್ರಶ್ನೆಯಾದರೋ ಅಲ್ಲಿಗೆ ಮುಗಿಯುವದಿಲ್ಲ. ಒಬ್ಬ ಮನುಷ್ಯನು ಮೊದಲು ಹಿಂದೆಗೆದು, ಆ ಮೇಲೆ ಮುಂದೆ ಹೋದರೆ, ಅವನನ್ನು ಎಲ್ಲಿ ನಿಲ್ಲಿಸಿ ಜ್ಞಾಪಿಸಬೇಕು? ಹಿಂದೆಗೆದ ಸ್ಥಳದಲ್ಲಿಯೋ, ಹೋಗಿ ಮುಟ್ಟಿದ ಸ್ಥಳದಲ್ಲಿಯೋ?

ಇದು ಸೈನ್ಯದವರಿಗೆ ಮಾತ್ರ ಸೇರಿದ ಪ್ರಶ್ನೆ ಎಂದು ತಿಳಿಯಬೇಡಿರಿ. ಮಳೆಗಾಲದ ರಾತ್ರಿಯಲ್ಲಿ ಕೆರೆಯ ಏರಿ ಬಿರಿಯುತ್ತದೆಂದು ಕೂಗು ಹುಟ್ಟಿದಾಗ ಊರಿನಲ್ಲಿ ಆಗುವದನ್ನು ನೋಡಿರಿ. ನಾಲ್ಕು ಜನರು ಕೂಡಲೆ ಗುದ್ದಲಿ ಹಿಡಿದು ನೀರಿಗೆ ಇಳಿಯುವರು. ಉಳಿದವರು ದಡದ ಮೇಲೆ ದೀಪ ಹಿಡಿದು ನಿಲ್ಲುವರು. ನಡುರಾತ್ರಿಯ ಮೇಲೆ, ಇಳಿದವರ ಕೈ ಸೋತಾಗ, ದಡದವರೂ ಇಳಿದು ಮಣ್ಣು ಹೊರುವರು. ಏರಿ ಉಳಿಯುತ್ತದೆ. ಬೆಳಗಾದ ಮೇಲೆ ಚಾವಡಿಯಲ್ಲಿ ಕೂತು "ನಾವು ಏರಿಯನ್ನು ಉಳಿಸಿದೆವು" ಎಂದು ಎಲ್ಲರೂ ಹೇಳುವರು. ಆ ಮಾತು ಸುಳ್ಳೇ? ಸುಳ್ಳಲ್ಲ. ಪೂರ್ಣವಾದ ಸತ್ಯವೇ? ಅದೂ ಅಲ್ಲ. ಮೊದಲು ಇಳಿದ ನಾಲ್ವರು ಸುಮ್ಮನೆ ಕೇಳಿಕೊಂಡು ಕೂತಿರುವದನ್ನು ನೋಡಿದರೆ ನಿಮಗೆ ಗೊತ್ತಾಗುವದು.

ನಮ್ಮ ಅಭಿಪ್ರಾಯವನ್ನು ಕೇಳುವದಾದರೆ, ಮುಟ್ಟಿದ ಸ್ಥಳದಲ್ಲಿ ಕಲ್ಲನ್ನು ಇಡುವದು ತಪ್ಪಲ್ಲವೆಂದು ಹೇಳುತ್ತೇವೆ. ಯಾಕಂದರೆ ಮನುಷ್ಯನನ್ನು ಅವನು ಅತಿ ಬಲಹೀನನಾಗಿದ್ದ ಗಳಿಗೆಯಿಂದಲೇ ಅಳೆಯುವದಾದರೆ ನೆಟ್ಟಗೆ ನಿಲ್ಲುವವರು ಯಾರಿದ್ದಾರೆ? ಭಯವಿಲ್ಲದೆ ಕೂಡಲೆ ಓಡಿದವನ ನಡೆಗಿಂತ, ಭಯಪಟ್ಟು ನಿಂತು, ಮಗ್ಗುಲಲ್ಲಿ ಸ್ನೇಹಿತರು ಬೀಳುವದನ್ನು ಕಂಡು, ಆ ಮೇಲೆಯೂ ಮುಂದಕ್ಕೆ ಹೆಜ್ಜೆ ಇಟ್ಟವನ ನಡೆ ಕೆಲವು ಸಾರಿ ಹೆಚ್ಚು ಕಷ್ಟವಾದದ್ದು. ಮೇಲಾಗಿ ಇವರು ತಾವಾಗಿ ಬಂದವರು. ಗಂಟೆಯ ಸದ್ದಿಗೆ ಓಡುವದು ಅವರಿಗೆ ರೂಢಿ. ಆದರೆ ಬೆಂಕಿಯು ಗುರಿಯಿಟ್ಟು ಗುಂಡು ಹಾರಿಸುವದಿಲ್ಲವಷ್ಟೆ. ತಾವಾಗಿ ಮಾತು ಕೊಟ್ಟವನು ಪ್ರತಿ ಸಂಕಟದಲ್ಲಿಯೂ ಆ ಮಾತನ್ನು ಹೊಸದಾಗಿ ಕೊಡಬೇಕಾಗುತ್ತದೆ. ಆ ನೆತ್ತಿಯ ಮೇಲಿನ ಕೆಲವು ನಿಮಿಷಗಳಲ್ಲಿ ಅವರು ಮಾಡಿದ್ದು ಅದೇ ಎಂದು ನಮಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆಯೂ ನಮ್ಮ ಮನಸ್ಸಿಗೆ ಪೂರಾ ಸಮಾಧಾನವಿಲ್ಲ. ನೆತ್ತಿಯ ಮೇಲೆ ನಿಂತಾಗಲೇ ಬಿದ್ದವರು ಇದ್ದರಲ್ಲಾ, ಅವರು ಗೋಡೆಯನ್ನು ಮುಟ್ಟಲೇ ಇಲ್ಲ. ಅವರು ಹೇಡಿಗಳಾಗಿ ಸತ್ತವರಲ್ಲ. ಸತ್ತದ್ದರಿಂದ ಮುಂದೆ ಹೋಗಲಾರದವರು. ಉಳಿದವರು ಕಲ್ಲನ್ನು ಮುಂದಕ್ಕೆ ಒಯ್ದಾಗ ಈ ಸತ್ತವರು ಹಿಂದೆ ಉಳಿದರು. ಸತ್ತವರ ಗೌರವಕ್ಕಾಗಿ ವ್ಯಾಜ್ಯ ಮಾಡುತ್ತೇವೆಂದು ಆ ಮುದುಕರು ನಿಶ್ಚಯವಾಗಿ ನಂಬಿದ್ದರು, ಅದರಲ್ಲಿ ಕಪಟವಿರಲಿಲ್ಲ. ಆದರೆ ಗೋಡೆಯನ್ನು ಮುಟ್ಟಿ ಹಿಂದಿರುಗಿದ ಬದುಕಿದವರ ಗೌರವವೂ ಅದರಲ್ಲಿ ಬೆರೆತಿತ್ತು. ಎರಡನ್ನೂ ಬೇರ್ಪಡಿಸುವದು ಅವರಿಂದಲೂ ಆಗುತ್ತಿರಲಿಲ್ಲ. ಸಂಘದವರ ಕಟ್ಟಳೆಯಂತೆ ಕಲ್ಲು ನೆತ್ತಿಯ ಕಡೆಗೆ ನಿಂತಿದ್ದರೆ, ನಿಂತಲ್ಲಿಯೇ ಸತ್ತವರಿಗೆ ಅದು ಹತ್ತಿರವಾಗುತ್ತಿತ್ತು. ಯಾವ ಅವಮಾನವನ್ನು ತಪ್ಪಿಸಿಕೊಳ್ಳಬೇಕೆಂದು ಬದುಕಿದವರು ಓಡಾಡಿದರೋ ಆ ಅವಮಾನವು ಸತ್ತವರಿಗೆ ತಗಲುತ್ತಲೇ ಇರಲಿಲ್ಲ.

ಇನ್ನೊಂದು ಮಾತು ಆ ಕಂಚಿನ ಸಿಪಾಯಿಯ ವಿಷಯದಲ್ಲಿ. ಅವನ ಭಂಗಿಯನ್ನು ನೋಡಿದವನು, ಈ ರೆಜಿಮೆಂಟಿನವರು ಮೊದಲಿನಿಂದಲೂ ಗೋಡೆಯ ಬಳಿಯಲ್ಲಿಯೇ ನಿಂತು ಕೋವಿಯ ಬುಡದಿಂದ ಬಡಿದರೆಂದು ತಿಳಿಯುವನು. ಅಲ್ಲಿ ಹಾಗೆ ಮೊದಲಿನಿಂದ ಕಡೆಯ ವರೆಗೆ ನಿಂತವರು ೬೯ನೆಯವರು. ಆದರೆ ಯಾತ್ರಿಕರ ಕಣ್ಣು ಮೊದಲು ಹೋಗುವದು ಬೀಸುವ ಸಿಪಾಯಿಯ ಕಡೆಗೆ. ಸುಳ್ಳನ್ನು ಹೇಳದೆಯೂ ಪಕ್ಕದವನ ಪಾಲನ್ನು ತೆಗೆದುಕೊಳ್ಳುವ ವಿಧವುಂಟು. ಇದನ್ನು ಯಾವ ನ್ಯಾಯಸ್ಥಾನವೂ ಅಪರಾಧವೆಂದು ಹೇಳಲಾರದು. ಆದಾಗ್ಯೂ ಪಕ್ಕದವನಿಗೆ ಅದು ನೋಯುತ್ತದೆ.

ವೆಬ್ಬನ ಸಾಕ್ಷಿಯನ್ನು ಕೆಲವರು ದೂರುವರು. ತನ್ನ ಸ್ವಂತ ಸಿಪಾಯಿಗಳ ವಿರೋಧವಾಗಿ ಮುದುಕತನದಲ್ಲಿ ಹಾಗೆ ಹೇಳಬೇಕಿತ್ತೇ ಎಂದು ಕೇಳುವರು. ನಾವಾದರೋ ಅವನನ್ನು ದೂರುವದಿಲ್ಲ. ಪ್ರಮಾಣಮಾಡಿದವನು ತಾನು ಕಂಡದ್ದನ್ನು ಹೇಳತಕ್ಕದ್ದು. ಅವನು ಗೋಡೆಯ ಕಡೆಗೆ ಇಳಿದು ಹೋದ ಮೇಲೆ ಅವನ ಬೆನ್ನ ಹಿಂದೆ ನಡೆದದ್ದನ್ನು ಅವನು ಪೂರಾ ಕಾಣಲಾರನಾಗಿದ್ದನು. ಸಿಪಾಯಿಗಳೂ ತಮ್ಮ ಮುಂದಿನ ಹತ್ತು ಹೆಜ್ಜೆಗಳನ್ನು ಮಾತ್ರ ಕಂಡರು; ಉಳಿದದ್ದೆಲ್ಲಾ ಹೊಗೆ. ಅವನ ಮಾತೂ ನಿಜ, ಇವರ ಮಾತೂ ನಿಜ, ಒಬ್ಬೊಬ್ಬನದು ಒಂದೊಂದು ನಿಮಿಷದ ನಿಜ. ಇಪ್ಪತ್ತೈದು ವರುಷಗಳಿಂದ ಪ್ರತಿಯೊಬ್ಬನೂ ತನ್ನ ನಿಮಿಷವನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದ್ದರಿಂದ ಅದು ದೊಡ್ಡದಾಗಿ ಬೆಳೆದು ದಿನವನ್ನೆಲ್ಲಾ ಮುಚ್ಚಿಕೊಂಡಿತ್ತು. ಅಣ್ಣತಮ್ಮಂದಿರು ತಂದೆಯ ಹೊಲವನ್ನು ಪಾಲುಮಾಡಿಕೊಳ್ಳುವಾಗ, ತಾನು ದುಡಿದ ವರುಷಗಳನ್ನು ಮಾತ್ರ ಜ್ಞಾಪಿಸುವ ಹಾಗೆ.

ಈ ಕಲ್ಲುಗಳ ನಡುವೆ ನಡೆದಾಡುವವನಿಗೆ ಮತ್ತೊಂದು ಸಂಗತಿಯೂ ತೋರೀತು. ಸಾಲು ಎಲ್ಲಿತ್ತು, ಎಷ್ಟು ಮಂದಿ ಬಿದ್ದರು, ಇವೆಲ್ಲವನ್ನು ಕೆತ್ತಿಸಿದವರು, ಯಾರ ಬಿಡುಗಡೆಯು ಆ ಯುದ್ಧದಿಂದ ಬಂತೋ ಅವರ ವಿಷಯವಾಗಿ ಬಹಳ ಕಡಿಮೆ ಕೆತ್ತಿಸಿದರು. ದಾಸತ್ವವು ೧೮೬೫ರಲ್ಲಿ ಕಾನೂನಿನಿಂದ ರದ್ದಾಯಿತು. ಗೆಟ್ಟಿಸ್‌ಬರ್ಗ್ ಯುದ್ಧದ ಐವತ್ತನೇ ವರುಷವಾದ ೧೯೧೩ರಲ್ಲಿ ಎರಡು ಕಡೆಯ ೫೦,೦೦೦ಕ್ಕಿಂತ ಹೆಚ್ಚು ಮುದುಕ ಸಿಪಾಯಿಗಳು ಅಲ್ಲಿ ಕೂಡಿ, ಇದೇ ಗೋಡೆಯ ಮೇಲೆ ಕೈ ಚಾಚಿ ಒಬ್ಬರ ಕೈಯನ್ನು ಒಬ್ಬರು ಹಿಡಿದರು. ಬಿಡುಗಡೆ ಹೊಂದಿದವರ ಮಕ್ಕಳಾದರೋ ಆ ಕೂಟದಲ್ಲಿ ಗೌರವದ ಸ್ಥಾನದಲ್ಲಿ ಕಾಣಿಸಲಿಲ್ಲ. ಮುಂದಿನ ಸಾಲಿಗಾಗಿ ಜಗಳವಾಡಿದವರು ಬಹಳ ಮಂದಿ. ಯಾವ ಸಾಲಿನಲ್ಲಿಯೂ ಕರೆಯಲ್ಪಡದವರನ್ನು ಜ್ಞಾಪಿಸಿದವರು ಸ್ವಲ್ಪ.

ಕಂಚಿನ ಸಿಪಾಯಿಯ ಕೀರ್ತಿಯು ಆ ಮೇಲೆ ಬೆಳೆಯುತ್ತಲೇ ಬಂತು. ೨೦೧೧ನೇ ಇಸವಿಯಲ್ಲಿ ಅಮೇರಿಕದ ಸರಕಾರವು ಗೆಟ್ಟಿಸ್‌ಬರ್ಗಿನ ಹೆಸರಿನಲ್ಲಿ ಕಾಲು ಡಾಲರಿನ ನಾಣ್ಯವನ್ನು ಅಚ್ಚು ಹಾಕಿಸುವಾಗ, ಅಲ್ಲಿರುವ ನೂರಾರು ಕಲ್ಲುಗಳಲ್ಲಿ ಇದನ್ನೇ ಆರಿಸಿತು. ನೆತ್ತಿಯ ಮೇಲೆ ನಿಂತ ಆ ನಿಮಿಷಗಳನ್ನು ಅರಿಯದ ಕೋಟ್ಯಂತರ ಜನರ ಜೇಬುಗಳಲ್ಲಿ ಅವನು ಕೋವಿ ಬೀಸುತ್ತಾ ಸಂಚರಿಸುತ್ತಾನೆ. ಎರಡು ವರುಷಗಳ ಮೇಲೆ, ೨೦೧೩ರ ಜೂನ್ ತಿಂಗಳಲ್ಲಿ, ದೊಡ್ಡ ಬಿರುಗಾಳಿ ಎದ್ದು ಅವನನ್ನು ಪೀಠದಿಂದ ಕೆಡವಿತು. ಯುದ್ಧಭೂಮಿಯನ್ನು ನೋಡಿಕೊಳ್ಳುವವರು ಅವನನ್ನು ಒಯ್ದು, ಜಖಮನ್ನು ಸರಿಮಾಡಿಸಿ, ಅದೇ ಪೀಠದ ಮೇಲೆ ತಿರಿಗಿ ನಿಲ್ಲಿಸಿದರು. ನೂರಕ್ಕಿಂತ ಹೆಚ್ಚು ವರುಷಗಳ ಹಿಂದೆ ಆ ಸ್ಥಳಕ್ಕಾಗಿ ಪ್ರಮಾಣಮಾಡಿದವರಲ್ಲಿ ಒಬ್ಬನೂ ಉಳಿದಿರಲಿಲ್ಲವಾದ್ದರಿಂದ ಈ ಸಾರಿ ಯಾರೂ ತಕರಾರು ಎತ್ತಲಿಲ್ಲ.